ಕತ್ತಿಗೆ ಎಷ್ಟು ಬೆಳಕು ಬೇಕು?

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎಲ್‌ಇಡಿ ಕೇಳೋದು ಒಂಥರಾ ಸಂತೆಯಲ್ಲಿ ಮೆಣಸಿನಕಾಯಿ ಕೇಳಿದ ಹಾಗೆ. "ಖಾರ ಇರೋದು ಕೊಡಿ" ಅಂದರೆ ಎಲ್ಲರ ಹತ್ತಿರ ಇರೋದೂ ಖಾರದ್ದೇ. ಇಲ್ಲೂ ಅಷ್ಟೆ, "ಬ್ರೈಟ್ ಇರೋದು ಕೊಡಿ" ಅಂದರೆ "ಸೂಪರ್ ಬ್ರೈಟ್ ಇದೆ, ಅಲ್ಟ್ರಾ ಬ್ರೈಟ್ ಇದೆ, ಯಾವುದು ಕೊಡ್ಲಿ ಸಾರ್?" ಅಂತಾರೆ. ಸೂಪರ್ ಅಂದರೆ ಎಷ್ಟು, ಅಲ್ಟ್ರಾ ಅಂದರೆ ಎಷ್ಟು ಅಂತ ಕೇಳಿದರೆ ಉತ್ತರ ಒಂದೇ: "ಹಚ್ಚಿ ನೋಡಿ ಸಾರ್, ಕಣ್ಣು ಕುಕ್ಕುತ್ತೆ!"

ಕಣ್ಣು ಕುಕ್ಕೋದು ನನಗೆ ಬೇಕಿರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದು ಕತ್ತಿಗೆ ಬೆಳಕು. ನಾಟಕದ ಕತ್ತಿಗೆ.

ನಮ್ಮಕ್ಕ ಇರೋದು ಹಾಸನದಲ್ಲಿ. ಅವಳ ಮಗ ಪುಟ್ಟು ನಾಲ್ಕನೇ ಕ್ಲಾಸು. ಡಿಸೆಂಬರಿನಲ್ಲಿ ಸ್ಕೂಲ್ ಡೇ. ಅವರ ಮೇಡಂ ಒಂದು ನಾಟಕ ಬರೆದು ಮಾಡಿಸ್ತಿದ್ರು, ಚಂದ್ರಲೋಕದ ರಾಜನ ಕಥೆ. ಅದರಲ್ಲಿ ಪುಟ್ಟು ಅರಮನೆ ಕಾವಲುಗಾರ. ಸ್ಟೇಜು ಪೂರ್ತಿ ಕತ್ತಲಾದಾಗ ಬೆಳಗೋ ಕತ್ತಿ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ನಡೆದು ಬರಬೇಕು, ಬಾಗಿಲ ಮುಂದೆ ನಿಲ್ಲಬೇಕು. ಒಟ್ಟು ಆರು ನಿಮಿಷದ ಪಾರ್ಟು. ಮಾತು ಒಂದೂ ಇಲ್ಲ.

ಮಾತು ಯಾಕಿಲ್ಲ ಅಂದರೆ ಪುಟ್ಟುಗೆ ಉಗ್ಗು ಇದೆ. ಮೇಡಂ ಒಳ್ಳೇ ಮನಸ್ಸಿನಿಂದಲೇ ಹಾಗೆ ಮಾಡಿದ್ದು, ಅದರಲ್ಲಿ ಅನುಮಾನ ಇಲ್ಲ. ಆದರೆ ಅಕ್ಕ ಫೋನಿನಲ್ಲಿ "ಮಾತಿಲ್ಲದ ಪಾರ್ಟು ಕಣೋ" ಅಂದಾಗ ಅವಳ ದನಿ ಸ್ವಲ್ಪ ಸಣ್ಣ ಆಗಿತ್ತು. ಪುಟ್ಟು ಜೊತೆ ಮಾತಾಡೋವಾಗ ನಾವೆಲ್ಲರೂ, ಅಂದರೆ ಅಪ್ಪ, ಅಮ್ಮ, ಪಕ್ಕದ ಮನೆ ಆಂಟಿ, ಅಂಗಡಿಯವರು, ಯಾರೇ ಆಗಲಿ, ಅವನು ಒಂದು ಅಕ್ಷರಕ್ಕೆ ಸಿಕ್ಕಿಕೊಂಡ ಕೂಡಲೇ ಉಳಿದ ವಾಕ್ಯವನ್ನ ನಾವೇ ಮುಗಿಸಿಬಿಡ್ತೀವಿ. ಸಹಾಯ ಮಾಡ್ತಿದೀವಿ ಅಂತ ನಮ್ಮ ಲೆಕ್ಕ. ಅವನು ಸುಮ್ಮನೆ ತಲೆ ಆಡಿಸ್ತಾನೆ. ಫೋನ್ ಅಂದರೆ ಅವನಿಗೆ ಇನ್ನೂ ಕಷ್ಟ. ಅದಕ್ಕೆ ಅಮ್ಮನ ಫೋನಿನಿಂದ ಮೆಸೇಜ್ ಕಳಿಸಿದ್ದ:

"ಮಾಮ, ಕತ್ತಿ ನೀನೇ ಮಾಡ್ಬೇಕು. ಲಾಸ್ಟ್ ರೋಗೂ ಕಾಣ್ಬೇಕು. ತಾತ ಅಲ್ಲೇ ಕೂರೋದು."

ತಾತ ಅಂದರೆ ನಮ್ಮಪ್ಪ. ಮಂಡಿ ನೋವು, ಕಾಲು ಚಾಚೋಕೆ ಜಾಗ ಬೇಕು ಅಂತ ಯಾವ ಕಾರ್ಯಕ್ರಮಕ್ಕೆ ಹೋದರೂ ಕೊನೇ ಸಾಲೇ. ಜೊತೆಗೆ ಒಂದು ಕಣ್ಣಿನ ಪೊರೆ ಆಪರೇಷನ್ ಆಗಿದೆ, ಇನ್ನೊಂದು ಆಗಬೇಕು. ಸ್ಕೂಲಿನ ಮೈದಾನದಲ್ಲಿ ಸ್ಟೇಜಿನಿಂದ ಕೊನೇ ಸಾಲಿಗೆ ಸುಮಾರು 30 ಮೀಟರ್. ಸರಿ, ಇದಪ್ಪ ರಿಕ್ವೈರ್‌ಮೆಂಟ್ ಅಂದರೆ! ಆಫೀಸಿನಲ್ಲಿ ಕೂಡ ಯಾರೂ ಇಷ್ಟು ಸ್ಪಷ್ಟವಾಗಿ ಬರೆದು ಕೊಟ್ಟಿಲ್ಲ :-)

ಬೆಳಗೋ ಕತ್ತಿ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು 'ಸ್ಟಾರ್ ವಾರ್ಸ್'. ತಮಾಷೆ ಏನಂದ್ರೆ 1977ರ ಆ ಮೊದಲ ಸಿನಿಮಾದಲ್ಲಿ ನಾವು ನೋಡೋ ಬೆಳಕು ಕತ್ತಿಯೊಳಗಿನದ್ದಲ್ಲ. ಸೆಟ್ ಡೆಕೊರೇಟರ್ ರೋಜರ್ ಕ್ರಿಶ್ಚಿಯನ್ ಹಳೇ ಗ್ರಾಫ್ಲೆಕ್ಸ್ ಕ್ಯಾಮೆರಾ ಫ್ಲಾಶಿನ ಹಿಡಿಯನ್ನೇ ಕತ್ತಿಯ ಹಿಡಿ ಮಾಡಿದ್ದರು. ಅಲಗಿನ ಹೊಳಪನ್ನ ಆಮೇಲೆ ಒಂದೊಂದೇ ಫ್ರೇಮಿನ ಮೇಲೆ ಸೇರಿಸಿದ್ದು. ಹಾಗಾಗಿ ಕತ್ತಿ ಅಷ್ಟು ಹೊಳೆದರೂ ಅದನ್ನ ಹಿಡಿದವರ ಮುಖದ ಮೇಲೆ ಆ ಬೆಳಕು ಬೀಳಲ್ಲ. 2015ರ 'ದ ಫೋರ್ಸ್ ಅವೇಕನ್ಸ್' ಹೊತ್ತಿಗೆ ಸೆಟ್ಟಿನಲ್ಲೇ ನಿಜವಾಗಿ ಬೆಳಗೋ ಅಲಗುಗಳನ್ನ ಬಳಸಿದರು. ಆಗ ಕತ್ತಿಯ ಬಣ್ಣ ನಟರ ಮುಖದ ಮೇಲೂ ಸುತ್ತಲಿನ ಹಿಮದ ಮೇಲೂ ಬಿತ್ತು. ಎರಡನ್ನೂ ಒಂದರ ಹಿಂದೆ ಒಂದು ನೋಡಿದಾಗ ನನಗೆ ಅನ್ನಿಸಿದ್ದು, ಪುಟ್ಟು ಕತ್ತಿ ಕಂಡರೆ ಸಾಲದು, ಪುಟ್ಟು ಕಾಣಬೇಕು. ಕತ್ತಲಲ್ಲಿ ಬರೀ ಒಂದು ಉದ್ದ ಗೆರೆ ನಡೆದು ಹೋದರೆ ಯಾರು ಹಿಡಿದಿದ್ದರು ಅಂತ ತಾತನಿಗೆ ಹೇಗೆ ಗೊತ್ತಾಗಬೇಕು?

ಈಗ ಎಲ್‌ಇಡಿ ವಿಷಯಕ್ಕೆ ಬರೋಣ. ಪ್ಯಾಕೆಟ್ ಮೇಲೆ ಎಂಸಿಡಿ ಅಂತ ಒಂದು ಸಂಖ್ಯೆ ಇರುತ್ತಲ್ಲ, ಅದು ಮಿಲಿಕ್ಯಾಂಡೆಲಾ. ಒಂದು ಕ್ಯಾಂಡೆಲಾ ಅಂದರೆ ಸುಮಾರಾಗಿ ಒಂದು ಮೇಣದ ಬತ್ತಿಯನ್ನ ಒಂದು ಕಡೆಯಿಂದ ನೋಡಿದಾಗ ಕಾಣೋ ಬೆಳಕು. ಹಾಗಾದರೆ 20,000 ಎಂಸಿಡಿ ಅಂತ ಬರೆದಿರೋ ಪುಟಾಣಿ 5 ಮಿಲಿಮೀಟರ್ ಎಲ್‌ಇಡಿ 20 ಮೇಣದ ಬತ್ತಿಗೆ ಸಮಾನವಾ? ಅಲ್ಲ. ಇಲ್ಲೇ ಇರೋದು ಮಜಾ.

ತೋಟಕ್ಕೆ ನೀರು ಬಿಡೋವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರೆ ನೀರು ದೂರಕ್ಕೆ ಚಿಮ್ಮುತ್ತೆ. ಹಾಗಂತ ನೀರು ಜಾಸ್ತಿ ಆಯ್ತಾ? ಎಂಸಿಡಿ ಹೇಳೋದು ನೀರು ಎಷ್ಟು ಜೋರಾಗಿ ಒಂದೇ ಕಡೆ ಚಿಮ್ಮುತ್ತೆ ಅನ್ನೋದನ್ನ, ಒಟ್ಟು ನೀರನ್ನಲ್ಲ. ಒಟ್ಟು ಬೆಳಕಿನ ಲೆಕ್ಕ ಲ್ಯೂಮೆನ್‌ನಲ್ಲಿ. ಇಂಜಿನಿಯರಿಂಗ್‌ನಲ್ಲಿ ಕಲಿತ ಘನಕೋನ ಕೊನೆಗೂ ಒಂದು ಕಡೆ ಉಪಯೋಗಕ್ಕೆ ಬಂತು ನೋಡಿ. ಲೆಕ್ಕ ಹಾಕಿದರೆ, 15 ಡಿಗ್ರಿ ಕೋನದ 20,000 ಎಂಸಿಡಿ ಎಲ್‌ಇಡಿ ಕೊಡೋದು ಸುಮಾರು 1 ಲ್ಯೂಮೆನ್. 30 ಡಿಗ್ರಿಯ 5,000 ಎಂಸಿಡಿ ಎಲ್‌ಇಡಿ ಕೊಡೋದೂ ಅಷ್ಟೇ. 120 ಡಿಗ್ರಿಯದಾದರೆ ಬರೀ 340 ಎಂಸಿಡಿ ಇದ್ದರೂ ಅಷ್ಟೇ! ಪ್ಯಾಕೆಟ್ ಮೇಲಿನ ಸಂಖ್ಯೆಯಲ್ಲಿ ಸುಮಾರು 60 ಪಟ್ಟು ವ್ಯತ್ಯಾಸ, ಬೆಳಕು ಒಂದೇ. ಇನ್ನು ನಮ್ಮ ಬಡಪಾಯಿ ಮೇಣದ ಬತ್ತಿ ಸುತ್ತಲೂ ಬೆಳಕು ಚೆಲ್ಲೋದರಿಂದ ಸುಮಾರು 12 ಲ್ಯೂಮೆನ್ ಕೊಡುತ್ತೆ.

ಕತ್ತಿಯ ಅಲಗು ಸುತ್ತಲೂ ಬೆಳಗಬೇಕು. ಅಂದಮೇಲೆ ಕೋನ ಅಗಲ ಇದ್ದಷ್ಟೂ ಒಳ್ಳೇದು, ದೊಡ್ಡ ಎಂಸಿಡಿ ನೋಡಿ ಮರುಳಾಗಬಾರದು. ಇಷ್ಟು ತಿಳಿದಮೇಲೆ ನನ್ನ ಮುಂದೆ ಉಳಿದದ್ದು ಮೂರು ದಾರಿ.

ಒಂದು, 5 ಮಿಲಿಮೀಟರ್ ಎಲ್‌ಇಡಿಗಳನ್ನೇ ಸಾಲಾಗಿ ಜೋಡಿಸೋದು. ಅಗ್ಗ. ನೀಲಿ ಅಥವಾ ಬಿಳಿ ಎಲ್‌ಇಡಿಗೆ ಸುಮಾರು 3.2 ವೋಲ್ಟ್, 20 ಮಿಲಿಆಂಪಿಯರ್ ಬೇಕು. 5 ವೋಲ್ಟ್ ಕೊಟ್ಟರೆ ಉಳಿಯೋ 1.8 ವೋಲ್ಟನ್ನ ರೆಸಿಸ್ಟರ್ ನುಂಗಬೇಕು. ಲೆಕ್ಕಕ್ಕೆ 90 ಓಮ್ ಬರುತ್ತೆ, ಅಂಗಡಿಯಲ್ಲಿ ಸುಲಭವಾಗಿ ಸಿಗೋ 100 ಓಮ್ ಹಾಕಿದರೆ 18 ಮಿಲಿಆಂಪಿಯರ್ ಹರಿಯುತ್ತೆ, ಸಾಕು. ಆದರೆ ಪ್ರತಿಯೊಂದಕ್ಕೂ ಬೇರೆ ಬೇರೆ ರೆಸಿಸ್ಟರ್ ಬೇಕು. ಎಲ್ಲಾ ಸೇರಿಸಿ ಒಂದೇ ರೆಸಿಸ್ಟರ್ ಹಾಕಿದರೆ ಕಡಿಮೆ ವೋಲ್ಟಿಗೇ ಹೊತ್ತೋ ಎಲ್‌ಇಡಿ ಹೆಚ್ಚು ಕರೆಂಟು ಎಳೆದುಕೊಳ್ಳುತ್ತೆ, ಬೇಗ ಸುಡುತ್ತೆ. 80 ಎಲ್‌ಇಡಿ, 80 ರೆಸಿಸ್ಟರ್, 320 ಬೆಸುಗೆ... ಶನಿವಾರ ಭಾನುವಾರ ಎರಡೂ ಹೋಯ್ತು ಅಂತಲೇ.

ಎರಡು, ಹಿಡಿಯೊಳಗೆ ಒಂದೇ ಒಂದು 3 ವ್ಯಾಟಿನ ದೊಡ್ಡ ಎಲ್‌ಇಡಿ, ಮುಂದೆ ಲೆನ್ಸು, ತುದಿಯಲ್ಲಿ ಕನ್ನಡಿಯಂಥ ಹಾಳೆ. ಅಲಗು ಬರೀ ಖಾಲಿ ಕೊಳವೆ. ಕತ್ತಿ ಕಾಳಗ ಮಾಡೋರಿಗೆ ಇದೇ ಸರಿ, ಎಷ್ಟು ಹೊಡೆದರೂ ಅಲಗಿನಲ್ಲಿ ಮುರಿಯೋಕೆ ಏನೂ ಇಲ್ಲ. ಆದರೆ ಬುಡದಲ್ಲಿ ಬೆಳಕು ಜಾಸ್ತಿ, ತುದಿಗೆ ಹೋಗ್ತಾ ಕಡಿಮೆ. 700 ಮಿಲಿಆಂಪಿಯರ್ ಹರಿಯೋದರಿಂದ ಶಾಖ ಹೊರಹಾಕೋಕೆ ಅಲ್ಯೂಮಿನಿಯಂ ತುಂಡು ಬೇಕೇ ಬೇಕು. ಒಂಬತ್ತು ವರ್ಷದ ಹುಡುಗನ ಕೈಯಲ್ಲಿ ಬಿಸಿಯಾಗೋ ಹಿಡಿ ಕೊಡೋಕೆ ನನಗೆ ಮನಸ್ಸು ಬರಲಿಲ್ಲ. ಮೇಲಾಗಿ ಕೊಳವೆ ಕಳಚಿ ಬಿದ್ದರೆ ಅಷ್ಟೂ ಬೆಳಕು ನೇರ ಯಾರದೋ ಕಣ್ಣಿಗೆ.

ಮೂರು, ಎಲ್‌ಇಡಿ ಪಟ್ಟಿ. ಡಬ್ಲ್ಯೂಎಸ್ 2812ಬಿ ಅನ್ನೋ ಜಾತಿ. ಒಂದೊಂದು ಚುಕ್ಕಿಯಲ್ಲೂ ಕೆಂಪು, ಹಸಿರು, ನೀಲಿ ಮೂರೂ ಇರುತ್ತೆ, ಕಂಪ್ಯೂಟರ್ ಪ್ರೋಗ್ರಾಮಿನಿಂದ ಪ್ರತಿ ಚುಕ್ಕಿಗೂ ಬೇರೆ ಬಣ್ಣ ಹೇಳಬಹುದು. ಬೆಳಕು ಹರಡೋ ಕೋನ ಸುಮಾರು 120 ಡಿಗ್ರಿ. ಮೀಟರಿಗೆ 60 ಚುಕ್ಕಿಯದ್ದೂ ಸಿಗುತ್ತೆ, 144ರದ್ದೂ ಸಿಗುತ್ತೆ. ಹೊಡೆತ ತಿಂದರೆ ಬೆಸುಗೆ ಬಿಡುತ್ತೆ ಅನ್ನೋದೊಂದೇ ಕಷ್ಟ. ಆದರೆ ನಮ್ಮ ಕಾವಲುಗಾರ ಯಾರಿಗೂ ಹೊಡೆಯಲ್ಲ, ಬರೀ ನಡೀತಾನೆ. ಹಾಗಾಗಿ ಇದೇ ಗಟ್ಟಿ ಆಯ್ತು. 70 ಸೆಂಟಿಮೀಟರ್ ಅಲಗು, ಬೆನ್ನಿಗೆ ಬೆನ್ನು ಅಂಟಿಸಿದ ಎರಡು ಪಟ್ಟಿ, ಒಂದೊಂದರಲ್ಲಿ 42, ಒಟ್ಟು 84 ಚುಕ್ಕಿ.

ದಸರಾ ರಜೆಯಲ್ಲಿ ಪುಟ್ಟು ಬೆಂಗಳೂರಿಗೆ ಬಂದಿದ್ದ. ಬೆಸುಗೆ ಹಾಕಿದ ಪಟ್ಟಿಯ ಒಂದೊಂದೇ ಚುಕ್ಕಿ ಹತ್ತಿಸ್ತಾ ಹೋಗೋ ಪ್ರೋಗ್ರಾಮ್ ಬರೆದೆ. ಇಬ್ಬರೂ ನೆಲದ ಮೇಲೆ ಕೂತು ಜೊತೆಜೊತೆಗೆ ಎಣಿಸಿದ್ವಿ. ಒಂದು, ಎರಡು, ಮೂರು... ಎಂಬತ್ನಾಲ್ಕರ ತನಕ ಅವನು ಒಂದು ಕಡೆಯೂ ತಡವರಿಸಲಿಲ್ಲ. ಉಗ್ಗು ಇರೋರು ಇನ್ನೊಬ್ಬರ ಜೊತೆ ಒಟ್ಟಿಗೆ ಹೇಳೋವಾಗ, ಹಾಡೋವಾಗ ಸಾಮಾನ್ಯವಾಗಿ ಸರಾಗವಾಗಿ ಹೇಳ್ತಾರಂತೆ. ಓದಿ ಗೊತ್ತಿತ್ತು, ಕೇಳಿದ್ದು ಅವತ್ತೇ. ನಾನು ಏನೂ ಹೇಳಲಿಲ್ಲ, "ಎಲ್ಲಾ ಹತ್ತಿದ್ವಲ್ಲ, ಇನ್ನೊಂದ್ ಸಲ ಎಣಿಸೋಣ್ವಾ?" ಅಂತ ಕೇಳಿದೆ. ಎಣಿಸಿದ್ವಿ.

ಆಮೇಲೆ ಶುರುವಾಯ್ತು ನಿಜವಾದ ಆಯ್ಕೆ, ಎಷ್ಟು ಬೆಳಕು ಅನ್ನೋದು. ಒಂದು ಚುಕ್ಕಿಯ ಮೂರೂ ಬಣ್ಣ ಪೂರ್ತಿ ಹತ್ತಿದರೆ 60 ಮಿಲಿಆಂಪಿಯರ್ ತನಕ ಎಳೆಯಬಹುದು. 84 ಚುಕ್ಕಿಗೆ 5 ಆಂಪಿಯರ್. ಹಿಡಿಯೊಳಗೆ ಕೂರೋ ಸಣ್ಣ ಬ್ಯಾಟರಿಗಳಿಗೆ ಅದು ದೊಡ್ಡ ಹೊರೆ. ಆದರೆ ನಮ್ಮ ಕಣ್ಣಿನ ಒಂದು ಗುಣ ಇಲ್ಲಿ ಸಹಾಯಕ್ಕೆ ಬರುತ್ತೆ. ಬೆಳಕನ್ನ ಅರ್ಧಕ್ಕೆ ಇಳಿಸಿದರೆ ಕಣ್ಣಿಗೆ ಅರ್ಧ ಅನ್ನಿಸಲ್ಲ. ಮಾನಿಟರುಗಳಿಗೆ ಬಳಸೋ 2.2 ಗ್ಯಾಮಾ ಲೆಕ್ಕದಲ್ಲಿ ನೋಡಿದರೆ ಅರ್ಧ ಬೆಳಕು ನಮಗೆ ಹೆಚ್ಚೂ ಕಡಿಮೆ ಮುಕ್ಕಾಲರಷ್ಟು ಕಾಣುತ್ತೆ. ಅಂದರೆ ಅರ್ಧ ಕರೆಂಟು ಉಳಿಸಿದರೂ ಹೊಳಪಿನಲ್ಲಿ ಹೋಗೋದು ಕಾಲು ಭಾಗ. ಇದಕ್ಕಿಂತ ಒಳ್ಳೇ ವ್ಯಾಪಾರ ಎಸ್.ಪಿ. ರೋಡಿನಲ್ಲೂ ಸಿಗಲ್ಲ :-)

ಇನ್ನು ಬಣ್ಣ. ಚಂದ್ರಲೋಕ ಅಂದಮೇಲೆ ನೀಲಿನೇ ಬೇಕು ಅಂತ ಪುಟ್ಟು ಹಟ. ನೀಲಿ ಎಲ್‌ಇಡಿಗೆ ದೊಡ್ಡ ಇತಿಹಾಸವೇ ಇದೆ. ಕೆಂಪು 1962ರಲ್ಲೇ ಬಂದರೂ ಚೆನ್ನಾಗಿ ಹೊಳೆಯೋ ನೀಲಿ ಬರೋಕೆ 1990ರ ದಶಕ ಬೇಕಾಯ್ತು. ಅದಕ್ಕಾಗಿ ಅಕಾಸಾಕಿ, ಅಮಾನೋ, ನಕಾಮುರಾ ಮೂವರಿಗೂ 2014ರಲ್ಲಿ ನೊಬೆಲ್ ಬಂತು. ಆದರೆ ನಮ್ಮ ಕಣ್ಣು ಹಗಲಿನ ಬೆಳಕಲ್ಲಿ ಅತಿ ಚೆನ್ನಾಗಿ ಗುರುತಿಸೋದು 555 ನ್ಯಾನೋಮೀಟರಿನ ಹಸಿರನ್ನ. ನೀಲಿಗೆ ಅದರ ಹತ್ತನೇ ಒಂದು ಭಾಗದಷ್ಟೂ ಬೆಲೆ ಕೊಡಲ್ಲ. ಕತ್ತಲಿಗೆ ಕಣ್ಣು ಒಗ್ಗಿದ ಮೇಲೆ ನೀಲಿ, ಹಸಿರುಗಳ ಕಡೆಗೆ ಸ್ವಲ್ಪ ವಾಲುತ್ತೆ, ಕೆಂಪು ಮಂಕಾಗುತ್ತೆ. ಆದರೆ ಇನ್ನೊಂದು ತೊಂದರೆ ಇತ್ತು. ನಮ್ಮ ಚರ್ಮ ನೀಲಿಯನ್ನ ಹೀರಿಕೊಳ್ಳೋದೇ ಹೆಚ್ಚು, ವಾಪಸ್ಸು ಕೊಡೋದು ಹೆಚ್ಚಾಗಿ ಕೆಂಪನ್ನ. ಬರೀ ನೀಲಿ ಹಚ್ಚಿ ಪುಟ್ಟು ಮುಖದ ಹತ್ತಿರ ಹಿಡಿದರೆ ಕತ್ತಿ ಹೊಳೀತಿತ್ತು, ಮುಖ ಮಾತ್ರ ಕಪ್ಪಗೆ. ಕೆಂಪು 40, ಹಸಿರು 80, ನೀಲಿ 120 ಅಂತ ಬೆರೆಸಿದಾಗ ಬೆಳದಿಂಗಳಿನಂಥ ತಿಳಿನೀಲಿ ಬಂತು. ಕನ್ನಡಿ ಮುಂದೆ ನಿಂತ ಪುಟ್ಟು ಮುಖದಲ್ಲಿ ಹುಬ್ಬು, ಮೂಗು, ಬಿದ್ದುಹೋದ ಒಂದು ಹಲ್ಲಿನ ಜಾಗ, ಎಲ್ಲಾ ಕಂಡಿತು. "ಇ... ಇದೇ" ಅಂದ. ಲೆಕ್ಕದ ಪ್ರಕಾರ ಒಟ್ಟು ಕರೆಂಟು ಸುಮಾರು 1.6 ಆಂಪಿಯರ್. 255ರ ಅಳತೆಯಲ್ಲಿ ಯಾವ ಬಣ್ಣವೂ ಅರ್ಧ ದಾಟಿಲ್ಲ ಗಮನಿಸಿ.

ಲಿಥಿಯಂ ಬ್ಯಾಟರಿಯಲ್ಲಿ ಶಕ್ತಿ ಜಾಸ್ತಿ ನಿಜ. ಆದರೆ ಕೆಳಗೆ ಬಿದ್ದು ಶಾರ್ಟ್ ಆದರೆ ಬೆಂಕಿ. ಮಗುವಿನ ಕೈಗೆ ಬೇಡ ಅಂತ ನಾಲ್ಕು ರೀಚಾರ್ಜ್ ಆಗೋ ನಿಕ್ಕಲ್ ಮೆಟಲ್ ಹೈಡ್ರೈಡ್ ಪೆನ್ಸಿಲ್ ಸೆಲ್ ಹಾಕಿದೆ. ಒಂದೊಂದು 1.2 ವೋಲ್ಟ್, ಒಟ್ಟು 4.8. ಹೊಸ ಆಲ್ಕಲೈನ್ ಸೆಲ್ ನಾಲ್ಕು ಹಾಕಿದರೆ 6 ವೋಲ್ಟ್ ದಾಟುತ್ತೆ, ಈ ಪಟ್ಟಿಗೆ ಅದು ಜಾಸ್ತಿ. 2,000 ಮಿಲಿಆಂಪಿಯರ್ ಅವರ್ ಸೆಲ್ಲಿನಲ್ಲಿ ಒಂದು ಗಂಟೆಗೆ ಮೋಸ ಇಲ್ಲ, ನಮಗೆ ಬೇಕಿರೋದು ಆರು ನಿಮಿಷ. ಪ್ರೋಗ್ರಾಮ್ ಓಡಿಸೋಕೆ ಒಂದು ಆರ್ಡುಯಿನೋ ನ್ಯಾನೋ. ಫಾಸ್ಟ್‌ಎಲ್‌ಇಡಿ ಲೈಬ್ರರಿಯಲ್ಲಿ ಕರೆಂಟಿಗೆ ಮಿತಿ ಹಾಕೋ ಸೌಲಭ್ಯ ಇದೆ, ಅದನ್ನೂ 2 ಆಂಪಿಯರಿಗೆ ಕಟ್ಟಿಹಾಕಿದೆ. ಪಕಪಕ ಮಿನುಗಿಸೋಣ ಅಂತ ಪುಟ್ಟು ಕೇಳಿದ. ಬೇಡ ಅಂದೆ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗೋ ಬೆಳಕು ಕೆಲವರಲ್ಲಿ ಫಿಟ್ಸ್ ತರಬಹುದು. ಎದುರಿಗೆ ಇಡೀ ಸ್ಕೂಲಿನ ಮಕ್ಕಳು ಕೂತಿರ್ತಾರೆ. ಒಪ್ಪಿಕೊಂಡ.

ಕೊನೆಗೆ ಮಿಕ್ಕಿದ್ದು ಚುಕ್ಕಿ ಚುಕ್ಕಿ ಕಾಣೋದನ್ನ ತಪ್ಪಿಸೋದು. ಮೀಟರಿಗೆ 60 ಅಂದರೆ ಎರಡು ಚುಕ್ಕಿಗಳ ಮಧ್ಯೆ ಸುಮಾರು 17 ಮಿಲಿಮೀಟರ್. ಹೊರಗಿನ ಹಾಲುಬಿಳಿ ಕೊಳವೆ ಕೂಡ ಅಷ್ಟೇ ದೂರದಲ್ಲಿದ್ದರೆ ಬೆಳಕು ತಾನಾಗೇ ಬೆರೆಯುತ್ತೆ. ಒಂದು ಅಂಗುಲದ ಕೊಳವೆಯಲ್ಲಿ ಅಷ್ಟು ಜಾಗ ಇಲ್ಲ. ಅದಕ್ಕೆ ಪಿಂಗಾಣಿ ಸಾಮಾನಿಗೆ ಸುತ್ತಿ ಬರುತ್ತಲ್ಲ ತೆಳು ಬಿಳಿ ಫೋಮ್ ಹಾಳೆ, ಅದನ್ನ ಪಟ್ಟಿಗೆ ಎರಡು ಸುತ್ತು ಸುತ್ತಿ ಪಾಲಿಕಾರ್ಬೊನೇಟ್ ಕೊಳವೆಯೊಳಗೆ ತೂರಿಸಿದೆ. ಅಕ್ರಿಲಿಕ್ ಕೊಳವೆ ಬೇಡ, ಬಿದ್ದರೆ ಚೂಪು ಚೂರಾಗುತ್ತೆ. ಫೋಮು ಸ್ವಲ್ಪ ಬೆಳಕು ತಿನ್ನುತ್ತೆ, ತಿನ್ನಲಿ. ಬೆಳಕು ಚುಕ್ಕಿಯಾಗಿದ್ದರೆ ಪೊರೆ ಇರೋ ಕಣ್ಣಿಗೆ ಸುತ್ತ ಬಳೆ ಬಳೆ ಕಂಡು ಎಲ್ಲಾ ಕಲಸಿಹೋಗುತ್ತೆ. ಇಡೀ ಅಲಗು ಒಂದೇ ಸಮ ಬೆಳಗಿದರೆ ಆ ತೊಂದರೆ ಕಡಿಮೆ. ಇನ್ನೊಂದು ಒಳ್ಳೇ ಸುದ್ದಿ, ಹೀಗೆ ಬೆಳಗೋ ಮೇಲ್ಮೈ ದೂರ ಹೋದಷ್ಟೂ ಚಿಕ್ಕದಾಗಿ ಕಾಣುತ್ತೆ, ಆದರೆ ಅದರ ಹೊಳಪು ಮಂಕಾಗಲ್ಲ. ರಾತ್ರಿ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ರಸ್ತೆಯಲ್ಲಿ ಪುಟ್ಟುನ ನಿಲ್ಲಿಸಿ 30 ಮೀಟರ್ ಅಳೆದು ಹೋಗಿ ನೋಡಿದೆ. ಕತ್ತಿ ಕಾಣ್ತಿತ್ತು, ಮುಖ ಇಲ್ಲ. ಅವನ ತಲೆ ಮೇಲೇ ಇದ್ದ ಬೀದಿದೀಪದಿಂದ ಆಚೆ ಕತ್ತಲಿಗೆ ಸರಿಸಿ ನಿಲ್ಲಿಸಿದೆ. ಮುಖ ಬಂತು!

ಆಗ ಹೊಳೀತು, ನಮಗೆ ಬೇಕಾಗಿದ್ದದ್ದು ಜಾಸ್ತಿ ಎಲ್‌ಇಡಿ ಅಲ್ಲ, ಸುತ್ತ ಇನ್ನಷ್ಟು ಕತ್ತಲು. ಅಕ್ಕನಿಗೆ ಫೋನ್ ಮಾಡಿ, ಆ ಆರು ನಿಮಿಷ ಸ್ಟೇಜಿನ ಲೈಟುಗಳ ಜೊತೆ ಮುಂದಿನ ಎರಡು ಹ್ಯಾಲೋಜನ್ ಕೂಡ ಆರಿಸೋಕೆ ಮೇಡಂ ಹತ್ತಿರ ಕೇಳು ಅಂದೆ. ಮೇಡಂ ತಕ್ಷಣ ಒಪ್ಪಿದರು. ಇಡೀ ಪ್ರಾಜೆಕ್ಟಿನಲ್ಲಿ ಅತಿ ಹೆಚ್ಚು ಬೆಳಕು ಕೊಟ್ಟದ್ದು ಆ ಒಂದು ಫೋನು, ಖರ್ಚು ಸೊನ್ನೆ.

ಸ್ಕೂಲ್ ಡೇ ದಿನ ನಾನು ಅಪ್ಪನ ಪಕ್ಕ ಕೊನೇ ಸಾಲಿನಲ್ಲೇ ಕೂತಿದ್ದೆ. ದೀಪ ಎಲ್ಲಾ ಆರಿತು. ಗಲಾಟೆ ಮಾಡ್ತಿದ್ದ ಮಕ್ಕಳು ಸುಮ್ಮನಾದರು. ಬಲಗಡೆಯಿಂದ ತಿಳಿನೀಲಿ ಅಲಗು ಮೇಲೆದ್ದು ನಿಧಾನಕ್ಕೆ ನಡೆಯೋಕೆ ಶುರು ಮಾಡಿತು. ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. "ಪುಟ್ಟು ಅಲ್ವೇನೋ ಅದು? ಎಷ್ಟು ಗಂಭೀರವಾಗಿ ಬರ್ತಿದಾನೆ ನೋಡು" ಅಂದರು. ಕತ್ತಿ ಬಗ್ಗೆ ಒಂದು ಮಾತೂ ಆಡಲಿಲ್ಲ. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿರಲಿಲ್ಲ.

ನಾಟಕ ಮುಗಿದಮೇಲೆ ಸ್ಟೇಜಿನ ಹಿಂದೆ ಹತ್ತಿಪ್ಪತ್ತು ಹುಡುಗರು ಪುಟ್ಟುನ ಸುತ್ತಿಕೊಂಡಿದ್ದರು. ಒಳಗೆ ಏನಿದೆ, ಟ್ಯೂಬ್‌ಲೈಟಾ, ಶಾಕ್ ಹೊಡೆಯಲ್ವಾ, ಎಷ್ಟು ಬಲ್ಬು ಇದೆ... ಪುಟ್ಟು "ಎಂ... ಎಂ..." ಅಂತ ನಿಂತ. ಪಕ್ಕದಲ್ಲೇ ನಿಂತಿದ್ದ ನನ್ನ ಬಾಯಿಗೆ ಉತ್ತರ ಬಂದಿತ್ತು. ತಡೆದುಕೊಂಡೆ. ಹುಡುಗರೂ ಕಾದರು. ಬೇರೆ ಯಾರಿಗೂ ಉತ್ತರ ಗೊತ್ತಿರಲಿಲ್ಲವಲ್ಲ, ಕಾಯದೆ ವಿಧಿ ಇರಲಿಲ್ಲ.

"ಎಂಬತ್ನಾಲ್ಕು" ಅಂದ ಪುಟ್ಟು. ಆಮೇಲೆ ಫೋಮ್ ಹಾಳೆ ಯಾಕೆ ಸುತ್ತಿದೀವಿ ಅಂತ ಶುರು ಮಾಡಿದ. ನಡುನಡುವೆ ನಿಲ್ತಾ, ಮತ್ತೆ ಹಿಡೀತಾ, ಪೂರ್ತಿ ಹೇಳಿ ಮುಗಿಸಿದ.